ಎಡಗಡೆ ಒಂದು ಬೆರಳು ಕಡಿಮೆ

ನನಗೆ ಸಿಟ್ಟು ಬರುವುದು ಕಡಿಮೆ ಎಂದೇ ನಾನು ನಂಬಿಕೊಂಡಿದ್ದೆ. ಚಳ್ಳಕೆರೆಯಲ್ಲಿ ಇಷ್ಟು ವರ್ಷ ಔಷಧಿ ಅಂಗಡಿ ನಡೆಸಿಕೊಂಡು, ಚೀಟಿಯನ್ನು ಮನೆಯಲ್ಲೇ ಮರೆತು ಬಂದು ‘ಅದೇ ಕೆಂಪು ಗುಳಿಗೆ ಕೊಡ್ರಿ, ನಿಮಗೆ ಗೊತ್ತಲ್ಲ’ ಎನ್ನುವವರ ಜೊತೆ ಬಾಳಿದವನಿಗೆ ತಾಳ್ಮೆ ತಾನಾಗಿಯೇ ಬರುತ್ತದೆ. ಆದರೆ ಕೆಲವರಿದ್ದಾರೆ. ಕೇಳದೆ ಕರೆಯದೆ ನಿಮ್ಮ ಕಾರಿನ ಮುಂದೆ ಬಂದು ನಿಲ್ಲುತ್ತಾರೆ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಾರೆ, ಒಂದು ಕಣ್ಣು ಮುಚ್ಚುತ್ತಾರೆ, ಆಮೇಲೆ ‘ಬಂಪರ್ ಸ್ವಲ್ಪ ಸೊಟ್ಟಗೈತಲ್ರೀ’ ಎನ್ನುತ್ತಾರೆ. ಇವರನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಸೊಟ್ಟಗಿರುವುದು ನನಗೆ ಗೊತ್ತಿಲ್ಲವೇ? ದಿನಾ ಬೆಳಿಗ್ಗೆ ಅದನ್ನು ಬಟ್ಟೆ ಹಿಡಿದು ಒರೆಸುವವನು ನಾನೋ, ಇವರೋ?

ಕಾರು ಗಾಢ ನೀಲಿ ಬಣ್ಣದ ಹಳೆಯ ಅಂಬಾಸಿಡರ್. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡುತ್ತಿದ್ದ ನನ್ನ ಮಾವನವರದ್ದು. ಸೀರೆಯ ಗಂಟುಗಳನ್ನು ಹೇರಿಕೊಂಡು ಊರೂರು ಸುತ್ತಿದ ಗಾಡಿ. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಅದನ್ನು ನನ್ನ ಕೈಗೆ ಕೊಟ್ಟರು. ಹಿರಿಯ ಅಳಿಯ, ಅಂದರೆ ನನ್ನ ಷಡ್ಡಕ ತಿಪ್ಪೇಸ್ವಾಮಿ, ಹತ್ತಿರದ ಬಿ.ಜಿ. ಕೆರೆ ಊರಿನಲ್ಲೇ ಗಟ್ಟಿಯಾಗಿದ್ದರೂ ಕಿರಿಯವನಾದ ನನಗೇ ಕೊಟ್ಟರು ಎಂಬುದನ್ನು ಇಲ್ಲಿ ನಮ್ರತೆಯಿಂದ ಹೇಳಿಬಿಡುತ್ತೇನೆ. ಅಂಥ ಗಾಡಿಯ ಮುಂದಿನ ಬಂಪರು ಈ ವರ್ಷ ಎಡಕ್ಕೆ ಕುಸಿದು, ಗಾಡಿಗೆ ಹಲ್ಲುನೋವು ಬಂದವರ ಮುಖ ಬಂತು. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹೇಳಿದ. ಟೀ ಅಂಗಡಿಯಲ್ಲಿ ಮೂವರು ಹೇಳಿದರು. ನನ್ನಿವಾಳದ ಬಸ್ಸಿನಲ್ಲಿ ಕೂತಿದ್ದ ಯಾರೋ ಮಹಾನುಭಾವ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಸ್ಸು ಹೋಗುತ್ತಿದ್ದರೂ ಕೂಗಿ ಹೇಳಿ ಹೋದ.

ಹೇಳಿದ ಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಯಾರು ಗುದ್ದಿದ್ದು?’ ಆ ದಿನಗಳಲ್ಲಿ ನನ್ನ ಹೆಂಡತಿ ವನಜ ಕಾರು ಓಡಿಸಲು ಕಲಿಯುತ್ತಿದ್ದಳು. ಒಮ್ಮೆ ನಮ್ಮ ಮನೆಯ ಗೇಟಿಗೆ ಮೆಲ್ಲಗೆ ತಾಗಿಸಿಯೂ ಇದ್ದಳು. ಇದು ಬೀದಿಗೆಲ್ಲ ಗೊತ್ತಿತ್ತು. ನಾನು ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಆಕಾಶ ನೋಡಿ ಒಂದು ನಿಟ್ಟುಸಿರು ಬಿಡುತ್ತಿದ್ದೆ, ಅಷ್ಟೆ. ಕೇಳಿದವರು ‘ಹೋಗ್ಲಿ ಬಿಡ್ರಿ, ಕಲಿಯೋವಾಗ ಆಗ್ತೈತೆ’ ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದರು. ಸ್ವಲ್ಪ ದಿನಕ್ಕೆ ವನಜ ಸ್ಟೀರಿಂಗ್ ಮುಟ್ಟುವುದನ್ನೇ ಬಿಟ್ಟಳು. ‘ನನ್ನ ಕೈಲಿ ಆಗಲ್ಲ ಬಿಡ್ರಿ, ಅಪ್ಪನ ಗಾಡಿ ಹಾಳಾತು’ ಎಂದಳು. ಅವಳ ಮುಖ ನೋಡಿ ನನಗೆ ಬಹಳ ಕೆಡುಕೆನಿಸಿತು. ಆದರೂ ಸುಮ್ಮನಿದ್ದೆ.

ಅಷ್ಟರಲ್ಲಿ ತಿಪ್ಪೇಸ್ವಾಮಿಯ ಮಗಳು ರೇಖಳ ಮದುವೆ ಚಳ್ಳಕೆರೆಯ ಕಲ್ಯಾಣ ಮಂಟಪದಲ್ಲಿ ಗೊತ್ತಾಯಿತು. ಮೊಳಕಾಲ್ಮೂರಿನ ತಾತನ ಮನೆಯಿಂದ ತಾತನ ಕಾರಿನಲ್ಲೇ ಮಂಟಪಕ್ಕೆ ಬರುತ್ತೇನೆ ಎಂದು ಹುಡುಗಿ ಹಟ ಹಿಡಿದಳು. ತಿಪ್ಪೇಸ್ವಾಮಿ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಹೊರಗೆ ಹೋಗಿ ಕಾರಿನ ಮುಂದೆ ನಿಂತ. ತಲೆ ವಾಲಿಸಿದ. ಒಂದು ಕಣ್ಣು ಮುಚ್ಚಿದ.

‘ಈ ಮೂತಿ ಸೊಟ್ಟ ಗಾಡೀಲಿ ನನ್ನ ಮಗಳನ್ನ ಕರ್ಕೊಂಡು ಹೋಗ್ತೀಯೇನಪ್ಪಾ? ಬೀಗರು ಏನಂದಾರು? ನಾನು ಬೇರೆ ಗಾಡಿ ಹೇಳ್ತೀನಿ ಬಿಡು’ ಎಂದ.

‘ಎರಡು ವಾರ ಕೊಡಣ್ಣ. ಬಂಪರ್ ಮೇಲೆ ನೀರಿನ ಲೋಟ ಇಟ್ರೂ ತುಳುಕಬಾರ್ದು, ಹಂಗೆ ಮಾಡಿಸ್ತೀನಿ’ ಎಂದೆ. ಸಿಟ್ಟಿನಲ್ಲಿ ಮಾತು ಕೊಡಬಾರದು ಎಂದು ಹಿರಿಯರು ಹೇಳಿದ್ದಾರೆ. ಹಿರಿಯರಿಗೆ ಷಡ್ಡಕರು ಇರಲಿಲ್ಲವೋ ಏನೋ.

ಗೌಸ್ ಸಾಬರು ನಮ್ಮೂರಿನ ಹಳೆಯ ಟಿಂಕರಿಂಗ್ ಮೇಸ್ತ್ರಿ. ನೆಗ್ಗಿದ ತಗಡನ್ನು ಬಡಿದು ಹದಕ್ಕೆ ತರುವುದು ಅವರ ಕೆಲಸ. ಸಕ್ಕರೆ ಕಾಯಿಲೆಗೆ ನನ್ನ ಅಂಗಡಿಯಲ್ಲೇ ಗುಳಿಗೆ ಒಯ್ಯುತ್ತಾರೆ. ಸಿಹಿ ತಿಂದು ಬಂದರೆ ನಾನು ಗದರುತ್ತೇನೆ. ‘ಬಂಪರ್ ಒಂದನ್ನ ಸರಿ ಮಾಡ್ರಿ ಸಾಬ್ರೆ, ಬೇರೆ ಏನೂ ಮುಟ್ಟಬೇಡ್ರಿ’ ಎಂದೆ. ಅವರು ಗಾಡಿ ಸುತ್ತ ಒಂದು ಸುತ್ತು ಬಂದು, ‘ಎಲ್ಲಿ ಹೊಡೆದ್ರಿ ಸಾರ್?’ ಎಂದರು. ‘ಎಲ್ಲೂ ಇಲ್ಲ. ಹಳೇದಾಗೈತೆ, ತಾನೇ ಇಳಿದೈತೆ’ ಎಂದೆ. ಸಾಬರು ನನ್ನನ್ನು ಒಮ್ಮೆ ನೋಡಿ ಸ್ಪ್ಯಾನರ್ ಎತ್ತಿಕೊಂಡರು.

ಮೊದಲ ದಿನ ಎಡಗಡೆ ವಾಷರ್ ಕೊಟ್ಟು ಬಂಪರನ್ನು ಎತ್ತಿ ಬಿಗಿದರು. ಬಂಪರು ನೆಟ್ಟಗಾಯಿತು. ಆದರೆ ಬಂಪರಿಗೂ ಬಾಡಿಗೂ ನಡುವಿನ ಸಂದಿನಲ್ಲಿ ಬಲಗಡೆ ಎರಡು ಬೆರಳು ಹೋದರೆ ಎಡಗಡೆ ಒಂದೇ ಹೋಗುತ್ತಿತ್ತು. ಎಡಗಡೆಯ ಮಡ್ಗಾರ್ಡನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು. ಸಂದು ಸರಿಹೋಯಿತು, ಎಡಗಡೆಯ ಬಾಗಿಲು ಮಡ್ಗಾರ್ಡಿಗೆ ತಾಗಿ ತೆರೆಯದಾಯಿತು. ಬಾಗಿಲನ್ನು ಸರಿಸಿದರು; ಬಾನೆಟ್ ಒಂದು ಕಡೆ ತುಟಿ ಎತ್ತಿತು. ಬಾನೆಟ್ಟನ್ನು ಒತ್ತಿ ಕೂರಿಸಿದರು. ಅದು ಬಲಗಡೆಯ ಮಡ್ಗಾರ್ಡಿನ ಬಣ್ಣ ಕೆರೆಯತೊಡಗಿತು. ಒಂದು ವಾರ ಹೀಗೇ ಹೋಯಿತು. ದಿನಾ ಸಂಜೆ ನಾನು ಹೋಗುವುದು, ನಿನ್ನೆ ನೆಟ್ಟಗಿದ್ದ ಇನ್ನೊಂದು ಭಾಗ ಇವತ್ತು ಸೊಟ್ಟಗಾಗಿರುವುದನ್ನು ನೋಡುವುದು.

‘ಏನ್ರೀ ಸಾಬ್ರೆ, ಬಂಪರ್ ಕೊಟ್ರೆ ಇಡೀ ಗಾಡೀನೇ ಸೊಟ್ಟ ಮಾಡಿದ್ರಲ್ಲ!’ ಎಂದು ಕೂಗಾಡಿದೆ.

‘ಸಾರ್, ಗಾಡಿ ಹೊಂದಿಸೋದು ಹಿಂದಿನಿಂದ ಮುಂದಕ್ಕೆ’ ಎಂದರು ಸಾಬರು, ದನಿ ಏರಿಸದೆ. ‘ಮೊದಲು ಬಾಗಿಲು, ಬಾಗಿಲಿಗೆ ಮಡ್ಗಾರ್ಡ್, ಮಡ್ಗಾರ್ಡಿಗೆ ಬಾನೆಟ್. ಬಂಪರ್ ಆಖರಿ. ನೀವು ಬಂಪರ್ ಒಂದೇ ಮುಟ್ಟು ಅಂದ್ರಿ. ನಾಳೆ ಅಮ್ಮನ್ನೂ ಕರ್ಕೊಂಡ್ ಬರ್ರಿ, ಕಲಿಯೋವಾಗ ಎಲ್ಲಿ ತಾಗಿತ್ತು ಅಂತ ಕೇಳ್ಬೇಕು.’

ಮರುದಿನ ವನಜ ಬಂದಳು. ಸಾಬರು ಆ ಹೊತ್ತಿಗೆ ಬಂಪರನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಇಟ್ಟಿದ್ದರು. ಒಂದು ಹುರಿ ಹಿಡಿದು, ಬಾಗಿಲ ಕೀಲಿನಿಂದ ಬಂಪರನ್ನು ಹೊರುವ ಕಬ್ಬಿಣದ ತೋಳಿನವರೆಗೆ ಎರಡೂ ಕಡೆ ಅಳೆದರು. ಎಡಗಡೆ ಒಂದು ಬೆರಳು ಕಡಿಮೆ ಬಂತು.

‘ತೋಳೇ ಹಿಂದಕ್ಕೆ ಮಡಚೈತೆ. ಇದು ತಾನಾಗಿ ಇಳಿದಿದ್ದಲ್ಲ, ಗುದ್ದಿದ್ದು’ ಎಂದರು.

‘ನಾನೇ ಸಾಬ್ರೆ, ಗೇಟಿಗೆ ತಾಗಿಸಿದ್ದೆ’ ಎಂದಳು ವನಜ, ತಲೆ ತಗ್ಗಿಸಿ.

‘ಯಾವ ಕಡೆಯಮ್ಮ?’

‘ಬಲಗಡೆ.’

‘ಗೇಟಿನ ಬಣ್ಣ?’

‘ಹಸಿರು.’

ಸಾಬರು ಬಂಪರನ್ನು ಬೋರಲು ಹಾಕಿದರು. ಹೊರಗಿನ ಹೊಳಪಿನ ಮೇಲೆ ಏನೂ ಇರಲಿಲ್ಲ. ಅಲ್ಲಿ ಇದ್ದದ್ದನ್ನು ನಾನೇ ಉಜ್ಜಿ ತೆಗೆದಿದ್ದೆ. ಆದರೆ ಕೆಳಗಿನ ಅಂಚಿನ ಒಳಮಗ್ಗುಲಲ್ಲಿ, ಎಡಗಡೆ, ಅಂಗೈ ಉದ್ದದ ಹಳದಿ ಬಣ್ಣ ಮೆತ್ತಿಕೊಂಡಿತ್ತು. ಸಾಬರು ಅದನ್ನು ಉಗುರಿನಿಂದ ಕೆರೆದು ನೋಡಿ, ‘ಸಾರ್, ನಾನು ಜಿಲೇಬಿ ತಿಂದು ತಿಂದಿಲ್ಲ ಅಂದ್ರೆ ನೀವು ಎಷ್ಟು ಬೈತೀರಿ?’ ಎಂದರು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಎರಡು ತಿಂಗಳ ಹಿಂದೆ ದೊಡ್ಡಉಳ್ಳಾರ್ತಿಯ ಕಾವಲು, ಅಂದರೆ ದನ ಕುರಿ ಮೇಯುವ ಬಯಲಿನ ಹತ್ತಿರ, ಹೊಸದಾಗಿ ಎದ್ದ ಕಟ್ಟಡಗಳನ್ನು ನೋಡುತ್ತಾ ಗಾಡಿ ಓಡಿಸುತ್ತಿದ್ದೆ. ರಸ್ತೆಗೆ ಕುರಿಹಿಂಡು ಬಂದದ್ದು ಕಾಣಲಿಲ್ಲ. ಕಂಡಾಗ ಎಡಕ್ಕೆ ತಿರುಗಿಸಿದೆ. ಅಲ್ಲೊಂದು ಮೋರಿ, ಮೋರಿಗೆ ಹಳದಿ ಬಳಿದ ಮೋಟುಗೋಡೆ. ಕುರಿ ಕಾಯುವವನು ಓಡಿಬಂದು, ನನ್ನನ್ನೂ ನೋಡದೆ, ಕಾರನ್ನೂ ನೋಡದೆ, ಗೋಡೆಯನ್ನು ಸುತ್ತ ಪರೀಕ್ಷಿಸಿ, ‘ಗ್ವಾಡಿಗೇನೂ ಆಗಿಲ್ಲ ಬುಡ್ರಿ ಸಾಮಿ’ ಎಂದು ಸಮಾಧಾನ ಹೇಳಿದ್ದ. ಇಷ್ಟನ್ನೂ ಸಾಬರ ಶೆಡ್ಡಿನಲ್ಲಿ ನಿಂತು, ಹೆಂಡತಿಯ ಮುಂದೆ, ನೆಲ ನೋಡುತ್ತಾ ಒಪ್ಪಿಸಿದೆ. ಸಾಬರು ಸ್ಪ್ಯಾನರ್ ಕೆಳಗಿಟ್ಟರು.

ವನಜ ಬಂಪರಿನ ಹತ್ತಿರ ಬಗ್ಗಿ, ಆ ಹಳದಿಯನ್ನು ತಾನೂ ಉಗುರಿನಿಂದ ಕೆರೆದು ನೋಡಿದಳು. ಆಮೇಲೆ, ‘ಎರಡು ತಿಂಗಳು ನಾನು ಬೀದೀಲಿ ತಲೆ ತಗ್ಗಿಸ್ಕೊಂಡು ಓಡಾಡಿದೆ. ನೀವು ನಿಟ್ಟುಸಿರು ಬಿಟ್ರಿ’ ಎಂದಳು. ನಾನು ಕ್ಷಮೆ ಕೇಳಿದೆ. ‘ಕ್ಷಮೆ ಆಮೇಲೆ ನೋಡಾಣ. ಮದುವೆ ದಿನ ರೇಖನ್ನ ಕೂರಿಸ್ಕೊಂಡು ಗಾಡಿ ನಾನು ಓಡಿಸ್ತೀನಿ’ ಎಂದಳು. ಸಾಬರು ‘ಬಿಲ್ಕುಲ್ ಓಡಿಸ್ರಮ್ಮ!’ ಎಂದರು. ನನ್ನ ಅಭಿಪ್ರಾಯವನ್ನು ಇಬ್ಬರೂ ಕೇಳಲಿಲ್ಲ.

ನಿಜ ತಿಳಿದ ಮೇಲೆ ಸಾಬರಿಗೆ ಎರಡೇ ದಿನ ಸಾಕಾಯಿತು. ತೋಳನ್ನು ಕಾಯಿಸಿ ನೆಟ್ಟಗೆ ಮಾಡಿದರು. ಬಾಗಿಲಿನಿಂದ ಶುರುಮಾಡಿ ಮಡ್ಗಾರ್ಡು, ಬಾನೆಟ್ಟು ಎಂದು ಒಂದೊಂದನ್ನೇ ಹೊಂದಿಸಿ ಕೊನೆಗೆ ಬಂಪರು ಕಟ್ಟಿದರು. ಎರಡೂ ಕಡೆ ಸಂದು ಒಂದೇ ಸಮ. ನೋಡಿ ನನ್ನ ಕಣ್ಣು ತುಂಬಿತು. ವನಜ ಪರವಾನಗಿ ಪರೀಕ್ಷೆಗೂ ಹೋಗಿ, ಒಂದೇ ಸಲಕ್ಕೆ ಪಾಸಾಗಿ ಬಂದಳು.

ಮದುವೆಯ ಬೆಳಿಗ್ಗೆ ಮೊಳಕಾಲ್ಮೂರಿನ ಮಾವನವರ ಮನೆಯ ಮುಂದೆ ಕಾರು ಮಿಂಚುತ್ತಾ ನಿಂತಿತ್ತು. ನೆಂಟರು ಬಂದರು, ಸುತ್ತ ಓಡಾಡಿದರು, ಹೂವು ಚೆನ್ನಾಗೈತೆ ಎಂದರು, ಸೀಟು ಮೆತ್ತಗೈತೆ ಎಂದರು. ಬಂಪರಿನ ಬಗ್ಗೆ ಒಬ್ಬರಾದರೂ ಒಂದು ಮಾತು? ಎರಡು ತಿಂಗಳು ನನ್ನ ಪ್ರಾಣ ತಿಂದ ಜನ, ನೆಟ್ಟಗಾದ ದಿನ ಕಣ್ಣೆತ್ತಿ ನೋಡಲಿಲ್ಲ! ಕೊನೆಗೆ ತಿಪ್ಪೇಸ್ವಾಮಿಯನ್ನು ತೋಳು ಹಿಡಿದು ಎಳೆತಂದು, ‘ಬಂಪರ್ ನೋಡಿದ್ಯೇನಣ್ಣ?’ ಎಂದೆ.

‘ಯಾಕೆ, ಏನಾಗೈತೆ ಅದಕ್ಕೆ?’ ಎಂದ.

ಏನಾಗಿದೆ ಎಂದು ತೋರಿಸಲೇಬೇಕಾಯಿತು. ಹೊಸ ರೇಷ್ಮೆ ಪಂಚೆಯಲ್ಲೇ ಮಣ್ಣಿನ ಮೇಲೆ ಮಂಡಿಯೂರಿ, ಬಗ್ಗಿ, ಬಲಗಡೆ ಎರಡು ಬೆರಳು ತೂರಿಸಿ ತೋರಿಸಿದೆ. ಎಡಗಡೆಗೆ ಸರಿದು ಅಲ್ಲೂ ತೂರಿಸಿದೆ. ಅಷ್ಟರಲ್ಲಿ ತಿಪ್ಪೇಸ್ವಾಮಿ ವಾಲಗದವರನ್ನು ಕೂಗುತ್ತಾ ಹೊರಟುಹೋಗಿದ್ದ. ಸ್ಟೀರಿಂಗ್ ಮುಂದೆ ಕೂತಿದ್ದ ವನಜ ಹಾರನ್ ಒತ್ತಿದಳು. ಹಿಂದಿನಿಂದ ಮದುಮಗಳು, ‘ಚಿಕ್ಕಪ್ಪಾ, ಮುಹೂರ್ತ ಮೀರ್ತೈತೆ, ಎದ್ದೇಳ್ರಿ!’ ಎಂದು ಕೂಗಿದಳು.

ಹೋದ ವಾರ ಮದುವೆಯ ಆಲ್ಬಂ ಬಂತು. ಕಾರನ್ನು ಮುಂದಿನಿಂದ ತೆಗೆದ ಫೋಟೋ ಒಂದೇ ಒಂದಿದೆ. ಗಾಜಿನ ಹಿಂದೆ ವನಜ ನಗುತ್ತಿದ್ದಾಳೆ, ರೇಖ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾಳೆ. ಬಾನೆಟ್ ಸ್ಪಷ್ಟವಾಗಿ ಕಾಣುತ್ತದೆ, ಎರಡೂ ದೀಪಗಳು ಕಾಣುತ್ತವೆ. ಬಂಪರ್ ಇರಬೇಕಾದ ಜಾಗದಲ್ಲಿ, ಆ ತುದಿಯಿಂದ ಈ ತುದಿಯವರೆಗೆ, ರೇಷ್ಮೆ ಪಂಚೆಯ ನನ್ನ ಹಿಂಭಾಗವಿದೆ.