ನಲವತ್ತೆಂಟು ಬಂದರುಗಳ ಕಂಪನಿ

ಮಾಲೀಕ: ಪೋರ್ಟ್ ಅಂದ್ರೆ ತಂತಿ ಸಿಕ್ಕಿಸೋ ಕಿಂಡಿ, ಭಾವ. ಕಿಂಡಿ. ನೀವು ಬಂದರು ಅಂತ ಹಾಕಿದೀರಿ.

ಭಾವ: ನಿಘಂಟಲ್ಲಿ ಬಂದರು ಅಂತಾನೇ ಇದೆ. ಹಡಗು ಬಂದು ನಿಲ್ಲೋ ಜಾಗ.

ಮಾಲೀಕ: ನಮ್ಮ ಡಬ್ಬಿಗೆ ಹಡಗು ಯಾಕೆ ಬರುತ್ತೆ?

ಭಾವ: ಅದು ನಿನ್ನ ವ್ಯಾಪಾರ. ನಾನು ಅನುವಾದ ಮಾಡಿದೋನು.

ಮಾಲೀಕರದು ಬ್ರಾಡ್‌ಬ್ಯಾಂಡನ್ನು ಕಚೇರಿಗಳಿಗೂ ಮನೆಗಳಿಗೂ ಹಂಚುವ ಡಬ್ಬಿಗಳ ಕಂಪನಿ. ಏಳು ವರ್ಷದ ಹಿಂದೆ ನಾಲ್ಕು ಕಿಂಡಿಯ ಡಬ್ಬಿಯಿಂದ ಹೊರಟ ಆ ದಿಗ್ವಿಜಯ ಯಾತ್ರೆ ಎಂಟು, ಹದಿನಾರು, ಇಪ್ಪತ್ತನಾಲ್ಕನ್ನು ಗೆದ್ದು ಈಗ ನಲವತ್ತೆಂಟು ಕಿಂಡಿಗಳಲ್ಲಿ ಬಾವುಟ ನೆಟ್ಟಿತ್ತು. ಕಿಂಡಿ ಬೆಳೆದ ಹಾಗೆ ಶೆಡ್ಡು ಬೆಳೆದಿರಲಿಲ್ಲ. ಬೆಸುಗೆ ಹಾಕುವವರ ಮೊಣಕೈ ಪಕ್ಕದವರ ಪಕ್ಕೆಗೆ ತಿವಿಯುತ್ತಿತ್ತು. ತಯಾರಾದ ಡಬ್ಬಿಗಳು ಮೆಟ್ಟಿಲು ಹತ್ತಿ, ಕಿಟಕಿ ಮುಚ್ಚಿ, ಕಡೆಗೆ ಎರಡು ಶೌಚಾಲಯಗಳಲ್ಲಿ ಒಂದನ್ನು ವಶಪಡಿಸಿಕೊಂಡಿದ್ದವು. ಗೋಡೆಯಾಚೆ ಒಂದು ಖಾಲಿ ನಿವೇಶನವಿತ್ತು. ಅದು ಮಂಜೂರಾಗದಿದ್ದರೆ ಕೈಗೆ ಬಂದ ದೊಡ್ಡ ಬೇಡಿಕೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕು.

ಕಂಪನಿಯ ಬೆಳವಣಿಗೆ ಕುರಿತು ಕನ್ನಡದಲ್ಲೊಂದು ಪುಸ್ತಿಕೆ ಲಗತ್ತಿಸಿ ಎಂದು ನಿವೇಶನದ ಇಲಾಖೆ ಕೇಳಿತ್ತು. ಮನೆಯಲ್ಲೇ ಪಂಡಿತರು ಕೂತಿರುವಾಗ ಹೊರಗಿನವರ ಹತ್ತಿರ ಯಾಕೆ ಹೋಗಬೇಕು ಎಂದಳು ಮಾಲೀಕರ ಅಕ್ಕ. ಮೂವತ್ತು ವರ್ಷ ವ್ಯಾಕರಣ ಕಲಿಸಿ ನಿವೃತ್ತರಾಗಿದ್ದ ಭಾವನವರು ತಿದ್ದಲು ಒಂದು ಉತ್ತರಪತ್ರಿಕೆಯೂ ಇಲ್ಲದೆ ಒದ್ದಾಡುತ್ತಿದ್ದರು. ಕಂಪನಿಯ ಇಂಗ್ಲಿಷ್ ಪುಸ್ತಿಕೆಯನ್ನು ಮೂರೇ ದಿನಕ್ಕೆ ಕನ್ನಡಕ್ಕಿಳಿಸಿ ಮುಗಿಸಿದರು.

ಮಾಲೀಕ: ಕೇಳಿ ಇಲ್ಲಿ. 'ಆರಂಭದಲ್ಲಿ ನಾಲ್ಕೇ ಬಂದರುಗಳಿದ್ದ ನಮ್ಮ ಸಂಸ್ಥೆ ಇಂದು ನಲವತ್ತೆಂಟು ಬಂದರುಗಳಿಗೆ ಬೆಳೆದಿದೆ.' ಓದಿದವರು ಏನಂದುಕೋತಾರೆ?

ಭಾವ: ಬೆಳೆದಿದೆ ಅಂದುಕೋತಾರೆ.

ಮಾಲೀಕ: ಡೇಟಾ ಪ್ಯಾಕೆಟ್ ಅಂತ ಇದ್ದ ಕಡೆ, 'ಸೆಕೆಂಡಿಗೆ ಲಕ್ಷಾಂತರ ಪೊಟ್ಟಣಗಳನ್ನು ಸಾಗಿಸುತ್ತೇವೆ.' ಇದೇನು, ಕಳ್ಳಸಾಗಣೆನಾ?

ಭಾವ: ಸಾಗಿಸಲ್ವಾ ನೀನು?

ಮಾಲೀಕ: ಸಾಗಿಸ್ತೀನಿ, ಆದ್ರೆ...

ಭಾವ: ಸಾಗಿಸ್ತೀಯಲ್ಲ. ಮತ್ತೆ ನನ್ನ ಮೇಲೇನು ಸಿಟ್ಟು?

ಪುಸ್ತಿಕೆ ಇಲಾಖೆಗೆ ಹೋಗುವ ಮೊದಲು ತಿದ್ದಬೇಕು ಎಂದರು ಮಾಲೀಕರು. ಸೋಮವಾರವೇ ತಾವೇ ಖುದ್ದಾಗಿ ಹೋಗಿ ಕೊಟ್ಟು, ಮೊಹರು ಹಾಕಿಸಿಕೊಂಡು ಬಂದದ್ದಾಗಿ ಭಾವ ಹೆಮ್ಮೆಯಿಂದ ತಿಳಿಸಿದರು. ಅಕ್ಕನ ಮುಖ ನೋಡಿ ಸುಮ್ಮನಿದ್ದೇನೆ ಎಂದು ಮಾಲೀಕರು ಹಲ್ಲು ಕಚ್ಚುತ್ತಿರುವಾಗಲೇ ಇಲಾಖೆಯ ಅಧಿಕಾರಿ ಒಳಗೆ ಬಂದರು. ಅವರ ಕಣ್ಣು ಕಂಕುಳಿನಿಂದ ತೆಗೆದ ಕಡತದಲ್ಲೇ ನೆಟ್ಟಿತ್ತು.

ಅಧಿಕಾರಿ: ನಲವತ್ತೆಂಟೂ ನಡೀತಿವೆಯಾ?

ಮಾಲೀಕ: ಸಾರ್, ಅದೇನಾಗಿದೆ ಅಂದ್ರೆ...

ಅಧಿಕಾರಿ: ನಡೀತಿವೆಯೋ, ಇಲ್ವೋ?

ಮಾಲೀಕ: ನಡೀತಿವೆ ಸಾರ್.

ಅಧಿಕಾರಿ: ಒಂದೊಂದರಲ್ಲಿ ಎಷ್ಟು ಜನ ಕೆಲಸಕ್ಕಿದಾರೆ?

ಮಾಲೀಕ: ಯಾರೂ ಇಲ್ಲ. ಒಂದು ಸಲ ಸಿಕ್ಕಿಸಿದ್ರೆ ತಾನಾಗೇ ನಡೆಯುತ್ತೆ.

'ಸಂಪೂರ್ಣ ಯಾಂತ್ರೀಕೃತ' ಎಂದು ಅಧಿಕಾರಿ ಬರೆದುಕೊಂಡರು. ಇನ್ನು ತಡೆಯಲಾರದೆ ಮಾಲೀಕರು ಶೌಚಾಲಯದ ಬಾಗಿಲಿಂದ ಒಂದು ಡಬ್ಬಿ ಹೊತ್ತು ತಂದು, ಇದೇ ಸಾರ್ ಆ ನಲವತ್ತೆಂಟು ಎಂದು ಮೇಜಿನ ಮೇಲಿಟ್ಟರು. ಅಧಿಕಾರಿ ಮೊದಲ ಬಾರಿಗೆ ತಲೆಯೆತ್ತಿದರು.

ಅಧಿಕಾರಿ: ಮಾದರಿ ಅಚ್ಚುಕಟ್ಟಾಗಿ ಮಾಡಿದೀರಿ. ಅಸಲಿ ಇದಕ್ಕಿಂತ ಎಷ್ಟು ಪಟ್ಟು ದೊಡ್ಡದು?

ಮಾಲೀಕ: ಇದೇ ಅಸಲಿ ಸಾರ್.

ಅಧಿಕಾರಿ ಮುಗುಳ್ನಕ್ಕರು. ಇಷ್ಟು ಬೆಳೆದೂ ಇಷ್ಟು ವಿನಯ ಇರುವವರನ್ನು ತಾವು ಕಂಡಿಲ್ಲ ಎಂದರು. ಆ ಸಂತೋಷದಲ್ಲೇ ತೀರ್ಪನ್ನೂ ಹೇಳಿದರು. ಪಕ್ಕದ ನಿವೇಶನ ಬಂದರಿನವರಿಗೆ ತಕ್ಕದ್ದಲ್ಲ. ಸಮುದ್ರದ ದಂಡೆಯಲ್ಲಿ ಇದರ ಹತ್ತರಷ್ಟು ಜಾಗಕ್ಕೆ ತಾವೇ ಶಿಫಾರಸು ಮಾಡಿದ್ದಾರೆ, ಇವತ್ತೇ ರುಜು ಬೀಳುತ್ತದೆ.

ಮಾಲೀಕರು ಮೇಜಿನ ಮೇಲಿನ ಡಬ್ಬಿ ನೋಡಿದರು. ದಂಡೆಯ ಉಪ್ಪುಗಾಳಿಗೆ ಕಿಂಡಿಯೊಳಗಿನ ತಾಮ್ರ ತಿಂಗಳಲ್ಲಿ ಹಸಿರುಗಟ್ಟುತ್ತದೆ. ಕೆಲಸದವರೆಲ್ಲ ಸುತ್ತಮುತ್ತಲ ಬೀದಿಯವರು; ಅಷ್ಟು ದೂರ ಯಾರು ಬರುತ್ತಾರೆ?

ಮಾಲೀಕ: ಸಾರ್, ಪುಸ್ತಿಕೆಯಲ್ಲಿರೋದು ಸರಿಯಿಲ್ಲ.

ಅಧಿಕಾರಿಯ ಪೆನ್ನು ನಿಂತಿತು.

ಅಧಿಕಾರಿ: ಸುಳ್ಳು ಮಾಹಿತಿ ಕೊಟ್ಟಿದೀರಾ? ಹಾಗಿದ್ರೆ ಅರ್ಜಿನೇ ವಜಾ. ದಂಡೆನೂ ಇಲ್ಲ, ಇದೂ ಇಲ್ಲ.

ಆಗ ಭಾವ, ತರಗತಿಯಲ್ಲಿ ಗದ್ದಲ ಎದ್ದಾಗ ಮಾಡುತ್ತಿದ್ದಂತೆ, ಗಂಟಲು ಸರಿಮಾಡಿಕೊಂಡರು.

ಭಾವ: ಸುಳ್ಳಲ್ಲ ಸ್ವಾಮಿ. ಒಂದು ವಿಶೇಷಣ ಬಿಟ್ಟುಹೋಗಿದೆ. ಇವು ಒಣ ಬಂದರುಗಳು.

ಅಧಿಕಾರಿ: ಒಣ ಬಂದರು ಅಂದ್ರೆ ಈ ಲಾರಿಗಳೆಲ್ಲ ಬಂದು ನಿಲ್ತಾವಲ್ಲ, ಒಳನಾಡಲ್ಲಿ?

ಭಾವ: ಇವು ಅದಕ್ಕಿಂತಲೂ ಒಣಗಿದವು. ನೀರು ಸೋಕಿದ್ರೆ ಕೆಟ್ಟುಹೋಗ್ತವೆ.

ಅಧಿಕಾರಿ: ಹೌದೇನ್ರೀ?

ಮಾಲೀಕ: ಒಂದು ಲೋಟ ನೀರು ಸಾಕು ಸಾರ್. ನಲವತ್ತೆಂಟೂ ಒಟ್ಟಿಗೆ ಹೋಗ್ತವೆ.

ಇದು ಪ್ರಾಮಾಣಿಕ ಮನುಷ್ಯನ ದನಿ ಎಂದು ಅಧಿಕಾರಿಗೆ ಅನ್ನಿಸಿರಬೇಕು. ಅವರು ನಿಯಮಾವಳಿ ತಿರುವಿಹಾಕಿದರು.

ಅಧಿಕಾರಿ: ಒಣಗಿದ್ರೂ ನಿಯಮ ನಿಯಮಾನೇ. ಪ್ರತಿ ಬಂದರಿಗೂ ಒಂದು ದೀಪಸ್ತಂಭ ಇರಬೇಕು.

ಮಾಲೀಕ: ಸ್ತಂಭ ಇಲ್ಲ ಸಾರ್, ದೀಪ ಇದೆ. ಒಂದೊಂದಕ್ಕೂ ಒಂದೊಂದು ಹಸಿರು ದೀಪ, ಬಿಡದೆ ಮಿಣುಕುತ್ತೆ.

ಭಾವ: ಸಂಚಾರ ಹೆಚ್ಚಾದಷ್ಟೂ ಜೋರಾಗಿ.

ಅಧಿಕಾರಿ ತಲೆದೂಗಿದರು. ಸಮುದ್ರದ ದಂಡೆಯನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿ, 'ನೀರಿನಿಂದ ದೂರವಿರತಕ್ಕದ್ದು' ಎಂದು ಷರಾ ಬರೆದು, ಪಕ್ಕದ ನಿವೇಶನಕ್ಕೆ ರುಜು ಹಾಕಿ ಮೊಹರು ಒತ್ತಿದರು. ಮಾಲೀಕರು ಆ ಕಾಗದವನ್ನು ಹೆರಿಗೆಮನೆಯಲ್ಲಿ ಮಗುವನ್ನು ಎತ್ತಿಕೊಳ್ಳುವಂತೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಬಾಗಿಲ ತನಕ ಹೋದ ಅಧಿಕಾರಿ ತಿರುಗಿ ನಿಂತು ದನಿ ತಗ್ಗಿಸಿದರು.

ಅಧಿಕಾರಿ: ಉದ್ಘಾಟನೆಗೆ ನಮ್ಮ ಮೇಲಿನ ಸಾಹೇಬರನ್ನ ಕರೀಬೇಕಾಗುತ್ತೆ. ಅವರಿಗೆ ಹಡಗಲ್ಲಿ ಕೂತ್ರೆ ಹೊಟ್ಟೆ ತೊಳೆಸುತ್ತೆ. ಕಾರಲ್ಲಿ ಬಂದ್ರೆ ನಡೆಯುತ್ತಾ?

ಮಾಲೀಕರು ಭಾವನ ಮುಖ ನೋಡಿದರು. ಭಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಭಾವ: ಕಷ್ಟ ಆಗುತ್ತೆ. ಆದ್ರೂ ಏನಾದ್ರೂ ವ್ಯವಸ್ಥೆ ಮಾಡೋಣ.