ಕಂಪ್ಲಿ ರಸ್ತೆಯೂ ನನ್ನ ಭೂಗೋಳವೂ

ಸಂಡೂರಿನ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೂಗೋಳ ಕಲಿಸುತ್ತಿರುವ ನನಗೆ ಒಂದು ಮದುವೆ ಮಂಟಪ ಹುಡುಕುವುದು ಯಾವ ಮಹಾ ಕೆಲಸ?

ಮದುವೆ ನನ್ನ ಗಂಡನ ಅಕ್ಕನ ಮಗಳು ಕಾವ್ಯಾಳದು. ಮಂಟಪ ಗೊತ್ತುಮಾಡಿದವರು ಗಂಡಿನ ಕಡೆಯವರು. ಲಗ್ನಪತ್ರಿಕೆಯಲ್ಲಿ ಮಂಟಪದ ಹೆಸರಿನ ಕೆಳಗೆ 'ಕಂಪ್ಲಿ ರಸ್ತೆ' ಎಂದಿತ್ತು. ನಾನು ಕಂಪ್ಲಿಯಲ್ಲಿ ಅದೇ ಹೆಸರಿನ ಮಂಟಪವೊಂದನ್ನು ಫೋನಿನಲ್ಲಿ ಪತ್ತೆಹಚ್ಚಿ, ನಮ್ಮ ಕಡೆಯವರ ಮದುವೆ ವಾಟ್ಸಾಪ್ ಗುಂಪಿಗೆ ಲೊಕೇಶನ್ ಕಳಿಸಿ, 'ಎಲ್ಲರೂ ಇಲ್ಲಿಗೇ ಬರತಕ್ಕದ್ದು' ಎಂದು ಆದೇಶ ಹೊರಡಿಸಿದೆ.

ಎರಡೇ ನಿಮಿಷದಲ್ಲಿ ಹೊಸಪೇಟೆಯಲ್ಲಿರುವ ನನ್ನ ನಾದಿನಿ ಶೈಲಾ ಬರೆದಳು: "ಅತ್ತಿಗಿ, ಅದು ಕಂಪ್ಲಿ ಅಲ್ರಿ. ಇಲ್ಲೇ ಹೊಸಪೇಟ್ಯಾಗ, ಕಂಪ್ಲಿಗೆ ಹೋಗೋ ರಸ್ತೆದಾಗ ಐತ್ರಿ."

ಮದುವೆ ಮಾಡಿಸುವ ಶಾಸ್ತ್ರಿಗಳೂ ಸೇರಿ ಮೂವತ್ತಾರು ಮಂದಿ ಇರುವ ಗುಂಪು! ಎಲ್ಲರೆದುರು ಟೀಚರನ್ನೇ ತಿದ್ದುವುದೇ?

"ಕಂಪ್ಲಿ ರಸ್ತೆ ಅಂದ್ರ ಕಂಪ್ಲಿ ಒಳಗಿನ ರಸ್ತೆ. ಭೂಗೋಳ ನನಗ ಬಿಡು," ಎಂದು ಬರೆದೆ. ಅವಳು ಪತ್ರಿಕೆಯ ಫೋಟೋದ ಮೇಲೆ ಕೆಂಪು ಗೆರೆ ಎಳೆದು ಕಳಿಸಿದಳು. ನಾನು ಜಿಲ್ಲೆಯ ನಕ್ಷೆಯನ್ನೇ ಕಳಿಸಿದೆ. "ಒಂದ್ಸಲ ಅಕ್ಕಗ ಫೋನ್ ಮಾಡಿ ಕೇಳ್ರಿ," ಎಂದಳು. "ಹೆಣ್ಣಿನ ತಾಯಿಗೆ ಸಾವಿರ ಕೆಲಸ ಇರ್ತಾವ. ಇಷ್ಟಕ್ಕ ತ್ರಾಸು ಕೊಡಬ್ಯಾಡ," ಎಂದು ಬುದ್ಧಿ ಹೇಳಿದೆ. ಹನ್ನೊಂದು ಜನ ನನ್ನ ಮಾತಿಗೆ ಹೆಬ್ಬೆರಳು ಎತ್ತಿದರು. ಅವರಲ್ಲಿ ಏಳು ಜನ ನನ್ನ ಕ್ಲಾಸಿನಲ್ಲಿ ಕಲಿತವರು. ಅಂಜಿಕೆ ಇನ್ನೂ ಬಿಟ್ಟಿರಲಿಲ್ಲ!

"ಏನ್ರಿ, ನೀವ ಹೇಳ್ರಿ, ಯಾರದು ಖರೆ?" ಎಂದು ಗಂಡನನ್ನು ಕೇಳಿದೆ.

"ಆಕಿ ತಂಗಿ, ನೀ ಹೆಂಡ್ತಿ. ನನಗ ಊಟಕ್ಕ ಎಲ್ಲಿ ಕುಂದ್ರಬೇಕು ಅಷ್ಟ ಹೇಳ್ರಿ," ಎಂದರು.

ಮದುವೆಯ ದಿನ ಹದಿನಾಲ್ಕು ಜನ ಟೆಂಪೊ ಹತ್ತಿದೆವು. ಮಾರ್ಗದರ್ಶನಕ್ಕಾಗಿ ಮುಂದಿನ ಸೀಟಿನಲ್ಲಿ, ಡ್ರೈವರ್ ಖಾಜಾನ ಪಕ್ಕ, ನಾನು. ಹಿಂದಿನ ಸೀಟಿನಲ್ಲಿ ಗಂಡ. ಮದುವಣಗಿತ್ತಿಯನ್ನು ಎತ್ತಿ ಮಂಟಪಕ್ಕೆ ತರಬೇಕಾದ ಸೋದರಮಾವ ಅವರೊಬ್ಬರೇ. ಮುಹೂರ್ತ ಹತ್ತೂವರೆಗೆ.

ಹೊಸಪೇಟೆ ದಾಟುವಾಗ ಒಂಬತ್ತೂಮುಕ್ಕಾಲು. ಹಿಂದಿನವರೆಲ್ಲ ಅಂತ್ಯಾಕ್ಷರಿಯಲ್ಲಿ ಮುಳುಗಿದ್ದರು. ಎಡಗಡೆ ಚೆಂಡುಹೂವಿನ ಕಮಾನೊಂದು ಕಂಡಿತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಕಾವ್ಯಾ'. ಕೆಳಗೆ ರೇಷ್ಮೆ ಸೀರೆಯುಟ್ಟು, ಎರಡೂ ಕೈ ಬೀಸುತ್ತ ನಿಂತಿದ್ದವಳು ಶೈಲಾ!

"ಟೀಚರಮ್ಮಾ, ಇಲ್ಲೊಂದು ಮದುವಿ ಐತಲ್ರಿ?" ಎಂದ ಖಾಜಾ.

"ಕಾವ್ಯಾ ಅಂತ ಊರಾಗ ಎಷ್ಟು ಮಂದಿ ಇಲ್ಲ? ನೀ ನಡಿ!"

ಇದು ನನ್ನ ಬಾಯಿಂದ ಬಂದದ್ದು. ತಲೆಯನ್ನು ಕೇಳದೆಯೇ ಬಂದದ್ದು.

ಕಮಾನು ಹಿಂದೆ ಸರಿಯಿತು. ಈಗ ಹೇಳಲೇ? ಹೇಗೆ ಹೇಳಲಿ? ನಕ್ಷೆ ಬೇರೆ ಕಳಿಸಿದ್ದೇನೆ! ಅಷ್ಟರಲ್ಲಿ ಶೈಲಾಳ ಸಂದೇಶ ನನಗೊಬ್ಬಳಿಗೇ ಬಂತು: "ಅತ್ತಿಗಿ, ಯಾಕ್ರಿ ನಿಲ್ಲಿಸಲಿಲ್ಲ?"

ಕಮಲಾಪುರ ದಾಟಿತು. ಸೆರಗಿನಿಂದ ಬೆವರು ಒರೆಸಿಕೊಂಡೆ. ಗೌರವ ಉಳಿಸಿಕೊಳ್ಳುವ ಕಟ್ಟಕಡೆಯ ಪ್ರಯತ್ನವಾಗಿ, "ಖಾಜಾ, ಭಾಳ ತಲಿ ತಿರುಗಾಕತ್ತೈತಿ. ಗಾಡಿ ವಾಪಸ್ ಹೊಳ್ಳಿಸ್ತೀಯೇನು?" ಎಂದೆ.

"ಕಂಪ್ಲಿಯಾಗ ದವಾಖಾನಿ ಐತ್ರಿ, ಜಲ್ದಿ ಹೋಗೂಣು!" ಎಂದು ಅವನು ಇನ್ನೂ ಜೋರಾಗಿ ಓಡಿಸಿದ.

ಬುಕ್ಕಸಾಗರ ಬಂತು. ಗಡಿಯಾರ ನೋಡಿದರೆ ಹತ್ತು ಹೊಡೆದು ಹತ್ತು ನಿಮಿಷ. ಅಲ್ಲಿ ಕಾವ್ಯಾ ಮಾವನ ದಾರಿ ಕಾಯುತ್ತ ಕುಳಿತಿದ್ದಾಳೆ! ಗುಂಪಿನಲ್ಲಿ ಟೈಪ್ ಮಾಡಿದೆ: 'ಮಂಟಪದ ಕುರಿತು ಗೊಂದಲ ಉಂಟಾಗಿದೆ.' ಉಂಟುಮಾಡಿದ್ದು ಯಾರು? ಅಳಿಸಿದೆ. 'ಫೋನು ದಾರಿ ತಪ್ಪಿಸಿತು.' ಪಾಪ, ಅದು ಕೇಳಿದ್ದನ್ನು ತೋರಿಸಿತ್ತು. ಅದನ್ನೂ ಅಳಿಸಿದೆ. ಕೊನೆಗೆ, 'ತಪ್ಪು ನನ್ನದು. ಶೈಲಾ ಹೇಳಿದ್ದೇ ಸರಿ' ಎಂದು ಬರೆದು, ಕಣ್ಣುಮುಚ್ಚಿ ಕಳಿಸಿಬಿಟ್ಟೆ.

ಹಿಂದೆ ಹನ್ನೆರಡು ಫೋನುಗಳು ಒಮ್ಮೆಲೇ ಟಿಂಗ್ ಎಂದವು. ಅಂತ್ಯಾಕ್ಷರಿ ನಿಂತಿತು.

ಗಂಡ ಮುಂದಕ್ಕೆ ಬಾಗಿದರು. "ಎರಡು ಅಡಿ ಹಿಂದ ಕುಂತೀನಲ್ಲ, ಬಾಯಿಲೆ ಹೇಳಬಾರದಿತ್ತೇನು?"

"ಬಾಯಿಗೆ ಬರಲಿಲ್ರಿ."

ಖಾಜಾ ಗಾಡಿ ಹೊಳ್ಳಿಸಿದ. ಮಂಟಪ ಮುಟ್ಟಿದಾಗ ಹತ್ತೂ ನಲವತ್ತು. ಶೈಲಾ ಏನಾದರೂ ಚುಚ್ಚಿಯೇ ಚುಚ್ಚುತ್ತಾಳೆಂದು ತಲೆ ತಗ್ಗಿಸಿಕೊಂಡು ಇಳಿದೆ. ಅವಳು ನನ್ನ ಕೈ ಹಿಡಿದು, "ಗಾಬರಿ ಆಗಬ್ಯಾಡ್ರಿ ಅತ್ತಿಗಿ, ಮುಹೂರ್ತ ಇನ್ನೂ ಆಗಿಲ್ಲ," ಎಂದಳು.

ಹೋದ ಜೀವ ಬಂದಂತಾಯಿತು. "ನಿಮ್ಮಣ್ಣಗ ಕಾಯ್ದ್ರೇನು?"

"ಇಲ್ರಿ, ಶಾಸ್ತ್ರಿಗಳ ಬಂದಿಲ್ಲ. ಟೀಚರ್ ಲೊಕೇಶನ್ ಕಳಿಸಿದ ಮ್ಯಾಲ ತಪ್ಪಿರಂಗಿಲ್ಲ ಅಂತ ಸಂಡೂರಿಂದ ನೆಟ್ಟಗ ಕಂಪ್ಲಿಗೆ ಹೋಗ್ಯಾರ. ಅಲ್ಲಿ ಬೀಗ ಹಾಕಿದ ಗೇಟಿನ ಮುಂದ ನಿಂತು ಈಗ ಫೋನ್ ಹಚ್ಯಾರ. ತಗೋರಿ, ನೀವ ಮಾತಾಡ್ರಿ."

ಫೋನು ಕಿವಿಗಿಟ್ಟುಕೊಂಡೆ. "ಶಾಸ್ತ್ರಿಗಳೇ, ತಪ್ಪು ನನ್ನದ್ರಿ."

ಆ ಕಡೆ ಪಂಚಾಂಗದ ಹಾಳೆ ಮಗುಚಿದ ಸದ್ದು. ಆಮೇಲೆ, "ಇರಲಿ ಬಿಡ್ರಮ್ಮಾ. ಹನ್ನೆರಡೂಕಾಲಿಗೆ ಇದಕ್ಕಿಂತ ಶ್ರೇಷ್ಠ ಮುಹೂರ್ತ ಐತಿ," ಎಂದರು.

ಎರಡನೇ ಸಲ ಹೇಳುವುದು ಅಷ್ಟೊಂದು ಕಷ್ಟವಾಗಲಿಲ್ಲ. ಒಳ್ಳೆಯದೇ ಆಯಿತು. ಹಸಿದು ಕುಳಿತಿದ್ದ ಗಂಡಿನ ಕಡೆಯ ಇನ್ನೂರು ಜನರಿಗೆ ಮುಹೂರ್ತ ಯಾಕೆ ತಡ ಎಂದು ಯಾರಾದರೂ ತಿಳಿಸಬೇಕಿತ್ತು.

ಶೈಲಾ ಮೈಕು ತಂದು ನನ್ನ ಕೈಗಿಟ್ಟಳು.