ಬಾಲ ಕಟ್ಟಿಕೊಂಡ ಷಡ್ಡಕ

ಇದನ್ನು ಹೇಳುವುದನ್ನು ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಮೊದಲು ಕನ್ನಡಕ ಬದಲಿಸಬೇಕಿತ್ತು, ಆಮೇಲೆ ಮೊಣಕಾಲು ನೋಯುತ್ತಿತ್ತು. ಈಗ ನೆಪಗಳೆಲ್ಲ ಮುಗಿದಿವೆ. ಅರವತ್ತೆಂಟನೆಯ ವಯಸ್ಸಿಗೆ ಬಾಲ ಕಟ್ಟಿಕೊಂಡು ಸಾಲಿನಲ್ಲಿ ನಿಂತ ಮನುಷ್ಯ ಇಡೀ ಪುಣೆಯಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಷಡ್ಡಕರು, ನನ್ನ ಹೆಂಡತಿಯ ತಂಗಿಯ ಗಂಡ.

ತಳೇಗಾಂವದ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿದ್ದವರು. ಗೋಡೆಯ ಮೇಲೆ ನಿಯಮ ಕಂಡರೆ, ಅದು ನಡೆಯುತ್ತದೋ ಇಲ್ಲವೋ ನೋಡದೆ ಅವರಿಗೆ ಅನ್ನ ಇಳಿಯದು. ನಿವೃತ್ತರಾಗಿ, ಪರೀಕ್ಷಿಸಲು ಗೋಡೆಯಿಲ್ಲದೆ ಒದ್ದಾಡುತ್ತಿದ್ದವರನ್ನು ನನ್ನ ಮೊಮ್ಮಗಳು ಕಾಮಿಕ್ಸ್ ಮೇಳಕ್ಕೆ ಕರೆದೊಯ್ದಳು. ನನ್ನನ್ನಲ್ಲ, ಅವರನ್ನು! ಹುಡುಗ ಹುಡುಗಿಯರು ಕಾರ್ಟೂನು ಪಾತ್ರಗಳ ವೇಷ ಹಾಕಿ ಸೇರುವ ಜಾಗ ಅದು. ಬಾಗಿಲಲ್ಲೇ ಬೋರ್ಡು: ವೇಷ ಹಾಕಿದವರನ್ನು ಕೇಳದೆ ಮುಟ್ಟಬಾರದು, ಕೇಳದೆ ಫೋಟೊ ತೆಗೆಯಬಾರದು, ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ. ಷಡ್ಡಕರು ನಿಂತಲ್ಲೇ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಸಂಜೆಯವರೆಗೂ ಮಾಡಿದರು.

ಮುಂದಿನ ಮೇಳಕ್ಕೆ ಹಲ್ಲಿಯ ಬಾಲ ಹೊಲಿಸಿಕೊಂಡರು. ಕೇಳದೆ ಎಷ್ಟು ಮಂದಿ ಎಳೆಯುತ್ತಾರೆ ನೋಡಬೇಕಂತೆ.

"ಎಷ್ಟ್ ಮಂದಿ ಎಳದ್ರು?" ಎಂದೆ.

"ಒಂಬತ್ತು ಮಂದಿರಿ ಅಣ್ಣಾರ. ಅದರಾಗ ಇಬ್ಬರು ಸೆಕ್ಯುರಿಟಿಯವರು."

ಮೇಳ ನಡೆಸುವ ಹುಡುಗರು ಅವರ ಮಾತು ಕೇಳಿ ನಿಯಮ ತಿದ್ದಿದರು. ದೂರು ಯಾರ ಮೇಲೇ ಬರಲಿ, ವಿಚಾರಣೆ ಮುಗಿಯುವವರೆಗೆ ಆತ ಹೊರಗಿರಬೇಕು. ದೂರು ಕೊಟ್ಟವರ ಹೆಸರು ಯಾರಿಗೂ ಹೇಳಬಾರದು. ಈ ಎರಡನೆಯದನ್ನು ಷಡ್ಡಕರೇ ಹಟ ಹಿಡಿದು ಸೇರಿಸಿದ್ದು. ನಮ್ಮ ಮನೆಯಲ್ಲಿ ಮೊಮ್ಮಗಳದು ಒಂದೇ ಪಾಠ: "ಸಣ್ಣಜ್ಜ ಹಿಂಗಂದ್ರು, ಸಣ್ಣಜ್ಜ ಹಂಗಂದ್ರು." ರಾಂಜಣಗಾಂವದಲ್ಲಿ ಮೂವತ್ತು ವರ್ಷ ಯಂತ್ರ ನಡೆಸಿದ ಅವಳ ಸ್ವಂತ ಅಜ್ಜನನ್ನು ಯಾರಾದರೂ ಏನಾದರೂ ಕೇಳಿದರೇ? ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ?

ವಿಮಾನ ನಗರದ ಮೇಳಕ್ಕೆ ನಾನೂ ಹೋದೆ. ಹುಡುಗಿಯರು ಅವರನ್ನು ನಡುವೆ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನ್ನ ಮೊಮ್ಮಗಳು ಅವರ ತೋಳು ಹಿಡಿದಿದ್ದಳು. ನನ್ನ ಕೈಯಲ್ಲಿ ಎಲ್ಲರ ಚೀಲಗಳು. ಚೀಲ ಕೆಳಗಿಟ್ಟೆ, ಬೋರ್ಡಿನ ನಂಬರಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. ಬಾಲದ ಮುದುಕ ಹುಡುಗಿಯರನ್ನು ಕೇಳದೆ ಮುಟ್ಟುತ್ತಾನೆ ಎಂದೆ. ಐದು ನಿಮಿಷದಲ್ಲಿ ಅವರ ಕೊರಳಿನ ಪಾಸು ಬಿಚ್ಚಿಸಿ ಹೊರಗೆ ಕಳಿಸಿದರು.

ಮನೆಗೆ ಬಂದು ಮೊಮ್ಮಗಳು ಅತ್ತಳು. "ಸುಳ್ಳದು. ಯಾರು ಹೇಳಿದ್ರು ಅಂತ ಕೇಳ್ರಿ ಸಣ್ಣಜ್ಜ."

"ಕೇಳಬಾರದವ್ವಾ. ಯಾರೋ ಹುಡುಗಿ ನನಗ ಹೆದರ್ಯಾಳ. ಗೊತ್ತಾಗ್ಲಾರದಂಗ ನಾ ಏನರ ಮಾಡಿರಬೇಕು," ಎಂದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. "ಫೋನ್ ಮಾತ್ರ ಲಗೂನ ಎತ್ಯಾರ ನೋಡ್ರಿ."

ಮತ್ತೆ ಮೇಳಕ್ಕೆ ಹೋಗಲಿಲ್ಲ. ಈಗಲೂ ನಮ್ಮ ಮನೆಗೆ ಬರುತ್ತಾರೆ. ಮೊಮ್ಮಗಳು ಪಕ್ಕದಲ್ಲಿ ಕೂತರೆ ಮೆಲ್ಲಗೆ ಸರಿದು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಡುತ್ತಾರೆ.

ಆ ಫೋನ್ ಮಾಡಿದವನು ನಾನು. ಯಾವ ಹುಡುಗಿಯೂ ನಿಮಗೆ ಹೆದರಿರಲಿಲ್ಲ, ಗುರುಪಾದಪ್ಪನವರೇ.